ದುರುಗಕ್ಕ ಮತ್ತು ಕರ್ಮದ ಪರದೆ

ಒಂದು ಗುರುವಾರ ಮಧ್ಯಾಹ್ನ, ಊಟವಾಗಿ ಇನ್ನೂ ಅರ್ಧ ಗಂಟೆ ಕಳೆದಿರಲಿಲ್ಲ, ದುರುಗಕ್ಕನ ಹೊಟ್ಟೆ ಮಾಯವಾಯಿತು.

ಹೊಟ್ಟೆಯೊಂದೇ ಅಲ್ಲ. ಎದೆ, ಸೊಂಟ, ಮಂಡಿ, ಎಲ್ಲವೂ ಹೋದವು. ಸ್ಟುಡಿಯೋದ ಟಿವಿಯಲ್ಲಿ ಉಳಿದದ್ದು ಅವಳ ತಲೆ, ಕೆಂಪು ರವಿಕೆಯ ಎರಡು ತೋಳು, ಯಾರೋ ಬಿಸಾಕಿದ ಹಗ್ಗದಂತೆ ಗಾಳಿಯಲ್ಲಿ ತೇಲುತ್ತಿದ್ದ ಸೀರೆಯ ಕೆಂಪು ಅಂಚು ಮತ್ತು ಐವತ್ತು ಅರವತ್ತು ಜರಿ ಗಿಣಿಗಳು. ಹಿಂದೆ ಯಾವುದೋ ಮಹಾನಗರದ ಸ್ಟುಡಿಯೋದ ಅಮೃತಶಿಲೆಯ ಮೆಟ್ಟಿಲು ಕಾಣುತ್ತಿತ್ತು. ಗಿಣಿಗಳು ಆ ಮೆಟ್ಟಿಲ ಮೇಲೆ ತಮ್ಮ ಪಾಡಿಗೆ ತಾವು ಹಾರಾಡಿಕೊಂಡಿದ್ದವು.

ದುರುಗಕ್ಕ ಕುರ್ಚಿಯಲ್ಲಿ ಕೂತೇ ಒಮ್ಮೆ ಟಿವಿ ನೋಡಿದಳು, ಒಮ್ಮೆ ತನ್ನ ಹೊಟ್ಟೆ ನೋಡಿಕೊಂಡಳು. ಹೊಟ್ಟೆ ಇತ್ತು. ಮುದ್ದೆ ತಿಂದ ಭಾರವೂ ಇತ್ತು.

“ಏ ಓಬಳೇಶ, ನನ್ನ ಹೊಟ್ಟೆ ಎಲ್ಲೋ?”

ಕ್ಯಾಮೆರಾ ಹಿಡಿದಿದ್ದ ಓಬಳೇಶ್ ನಗು ತಡೆಯಲಾರದೆ ಕ್ಯಾಮೆರಾವನ್ನೇ ಅಲ್ಲಾಡಿಸುತ್ತಿದ್ದ. “ಮೆಟ್ಲು ಹತ್ತಿ ಮ್ಯಾಕೆ ಹೋತಕ್ಕ. ನೀನು ತಡ ಮಾಡ್ದೆ.”

ವಾರ್ತೆ ಓದುವ ಪ್ರೇಮಲತಾ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನಗದೇ ಇದ್ದವನು ಒಬ್ಬನೇ, ಚಾನೆಲ್ಲಿನ ಒಡೆಯ ರವಿಕಿರಣ್. ಮಾರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅವನ ಸ್ಟುಡಿಯೋದ ಮೂವತ್ತೈದನೇ ವರ್ಷದ ನೇರ ಪ್ರಸಾರವಿತ್ತು. ‘ಚಳ್ಳಕೆರೆಯಲ್ಲಿ ಸ್ಟುಡಿಯೋ ನಡೆದು ಬಂದ ದಾರಿ’ ಎಂದು ಕಾರ್ಯಕ್ರಮಕ್ಕೆ ಹೆಸರಿಟ್ಟಿದ್ದ. ಆ ದಾರಿಯಲ್ಲಿ ಮೊದಲ ದಿನದಿಂದ ನಡೆದು ಇನ್ನೂ ಬದುಕಿರುವವಳು ದುರುಗಕ್ಕ ಒಬ್ಬಳೇ ಆದ್ದರಿಂದ ಅವಳನ್ನು ಮಾತಾಡಿಸಬೇಕೆಂದು ಕೂರಿಸಿದ್ದ. ಅವಳು ನೋಡಿದರೆ ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದು ಉಟ್ಟುಕೊಂಡು ಬಂದಿದ್ದಾಳೆ. ಹಿಂದೆ ಕಟ್ಟಿರುವ ಪರದೆಯೂ ಹಸಿರು.

“ದುರುಗಕ್ಕ, ಅದು ಕ್ರೋಮಾ ಪರದೆ. ಹಸಿರು ಕಂಡ್ರೆ ಕಂಪ್ಯೂಟರ್ ಅಳಿಸಿಬಿಡ್ತೈತೆ. ಅಳಿಸಿ ಅಲ್ಲಿ ನಾವು ಹೇಳಿದ್ದು ತೋರಿಸ್ತೈತೆ. ನಿನ್ನ ಸೀರೆನೂ ಪರದೆ ಅಂತ ತಿಳ್ಕಂಡೈತೆ ಅದು.”

ದುರುಗಕ್ಕನಿಗೆ ಪರದೆ ಹೊಸದಲ್ಲ. ಎರಡು ವರ್ಷದಿಂದ ಅದನ್ನು ಒಗೆದು, ಇಸ್ತ್ರಿ ಮಾಡಿ, ಸುಕ್ಕಿಲ್ಲದಂತೆ ಕಟ್ಟುವವಳು ಅವಳೇ. ಆದರೆ ‘ಕ್ರೋಮಾ’ ಎಂಬ ಮಾತು ಮೊದಲ ದಿನವೇ ಅವಳ ಬಾಯಲ್ಲಿ ‘ಕರ್ಮ’ ಆಗಿತ್ತು. “ಕರ್ಮದ ಪರದೆ ಒಗೀಬೇಕು,” “ಕರ್ಮಕ್ಕೆ ಪಿನ್ನು ಹಾಕು,” ಎಂದು ಅವಳು ಹೇಳಿ ಹೇಳಿ ಈಗ ಓಬಳೇಶನೂ ಹಾಗೇ ಅನ್ನುತ್ತಾನೆ. ಎರಡು ವರ್ಷ ಹಲ್ಲಿನಲ್ಲಿ ಪಿನ್ನು ಕಚ್ಚಿಕೊಂಡು ಕಟ್ಟಿದ ಪರದೆ ಒಂದು ದಿನ ತನ್ನನ್ನೇ ನುಂಗುತ್ತದೆ ಎಂದು ಮಾತ್ರ ಅವಳು ಎಣಿಸಿರಲಿಲ್ಲ.

“ಹಸಿರು ಕಂಡ್ರೆ ಅಳಿಸ್ತೈತಾ? ಹಂಗಾದ್ರೆ ಮಳೆಗಾಲದಾಗೆ ನಮ್ಮ ದೊಡ್ಡಉಳ್ಳಾರ್ತಿಯ ದನ ಮೇಯೋ ಕಾವಲು ತೋರಿಸಿದ್ರೆ ಅದನ್ನೂ ನುಂಗ್ತೈತೇನು? ಅರ್ಧ ಕಾವಲು ಈಗಾಗಲೇ ಸರ್ಕಾರದ ಬೇಲಿ ಒಳಗೆ ಹೋಗೈತೆ. ಉಳಿದಿದ್ದು ನಿನ್ನ ಕಂಪ್ಯೂಟರ್ ಒಳಗೆ ಹೋಗ್ಲಿ ಬಿಡು.”

“ಅಯ್ಯೋ, ಅದು ಬ್ಯಾರೆ ಕಣಕ್ಕ. ನಾಳೆ ಬ್ಯಾರೆ ಸೀರೆ ಉಟ್ಕಂಡು ಬಾ. ಅಷ್ಟೇ.”

“ಉಡಲ್ಲ,” ಎಂದಳು ದುರುಗಕ್ಕ.

ಈ ‘ಉಡಲ್ಲ’ ಯಾಕೆ ಅಷ್ಟು ಗಟ್ಟಿಯಾಗಿ ಬಂತು ಎಂದು ತಿಳಿಯಬೇಕಾದರೆ ಅವಳು ಇದಕ್ಕೆ ಮುಂಚೆ ಮೂರು ಸಲ ಮಾಯವಾದ ಕಥೆ ಹೇಳಬೇಕು. ಅದನ್ನು ಹೇಳಿದರೆ ಸ್ಟುಡಿಯೋದ ಕಥೆ ಬೇರೆ ಹೇಳುವ ಅಗತ್ಯವಿಲ್ಲ.

ಚಳ್ಳಕೆರೆ ಒಂದು ಕಾಲಕ್ಕೆ ಎಣ್ಣೆ ಮಿಲ್ಲುಗಳ ಊರು. ಬಸ್ಸಿನಲ್ಲಿ ಕಣ್ಣು ಮುಚ್ಚಿ ನಿದ್ದೆ ಮಾಡುತ್ತಿದ್ದವರು ಶೇಂಗಾ ಹಿಂಡಿಯ ವಾಸನೆಗೇ ಎದ್ದು ಇಳಿಯುತ್ತಿದ್ದರು. ದೊಡ್ಡಉಳ್ಳಾರ್ತಿಯಿಂದ ಬಂದ ದುರುಗಕ್ಕ ಅಂಥ ಒಂದು ಮಿಲ್ಲಿನಲ್ಲಿ ಶೇಂಗಾ ಹಸನು ಮಾಡುವ ಕೆಲಸಕ್ಕಿದ್ದಳು. ಎಂಬತ್ತೊಂಬತ್ತರಲ್ಲಿ ಮಿಲ್ಲು ನಿಂತಿತು. ಮಿಲ್ಲಿನ ಒಡೆಯರ ತಮ್ಮ ಜಯಣ್ಣನಿಗೆ ಎಣ್ಣೆಗಿಂತ ಫೋಟೋದ ಹುಚ್ಚು ಜಾಸ್ತಿ. ಗೋಡೌನಿಗೆ ಸುಣ್ಣ ಹೊಡೆಸಿ, ಊಟಿಯ ಸರೋವರ ಬರೆಸಿದ ಒಂದು ಪರದೆ ಇಳಿಬಿಟ್ಟು, ‘ಜಯಚಿತ್ರ ಸ್ಟುಡಿಯೋ’ ಎಂದು ಬೋರ್ಡು ಹಾಕಿದ. ಕೆಲಸ ಹೋದ ಹೆಂಗಸರೆಲ್ಲ ಮನೆಗೆ ಹೋದರು. ದುರುಗಕ್ಕ ಹೋಗಲಿಲ್ಲ. “ಈ ನೆಲ ನಾನು ಗುಡಿಸಿದ್ದು. ಇಲ್ಲಿ ಶೇಂಗಾ ಇರ್ಲಿ, ಊಟಿ ಇರ್ಲಿ, ಕಸ ಅಂತೂ ಬಿದ್ದೇ ಬೀಳ್ತೈತೆ,” ಎಂದು ಪೊರಕೆ ಹಿಡಿದು ನಿಂತಳು. ಜಯಣ್ಣನಿಗೆ ಬೇಡವೆನ್ನಲು ಧೈರ್ಯ ಬರಲಿಲ್ಲ.

ಅವಳದ್ದೇ ಬೋಣಿ ಆಗಲಿ ಎಂದು ಜಯಣ್ಣ ಮೊದಲ ಫೋಟೋ ಅವಳದ್ದೇ ತೆಗೆದ. ಊಟಿಯ ಸರೋವರದ ಮುಂದೆ ಹತ್ತೊಂಬತ್ತು ವರ್ಷದ ದುರುಗಕ್ಕ ಉಸಿರು ಬಿಗಿಹಿಡಿದು ನಿಂತಳು. ನಾಲ್ಕು ದಿನ ಬಿಟ್ಟು ಕೇಳಿದರೆ, “ಬಿಸಿಲು ಬಿದ್ದು ಕೆಟ್ಟೋತು,” ಎಂದ ಜಯಣ್ಣ. ಕ್ಯಾಮೆರಾಕ್ಕೆ ರೀಲನ್ನೇ ಹಾಕಿರಲಿಲ್ಲವೆಂದು ಅವಳಿಗೆ ಗೊತ್ತಾದದ್ದು ಎಷ್ಟೋ ದಿನ ಕಳೆದ ಮೇಲೆ, ಅದೂ ಪೆಟ್ಟಿಗೆ ಒರೆಸುವಾಗ ರೀಲು ಪೊಟ್ಟಣದಲ್ಲೇ ಸಿಕ್ಕಿದಾಗ. ಅಂದಿನಿಂದ ಪ್ರತಿ ಫೋಟೋಕ್ಕೂ ಮುಂಚೆ, ಎದುರಿಗೆ ಎಂಥ ದೊಡ್ಡ ಮನುಷ್ಯ ಕೂತಿದ್ದರೂ, “ರೀಲು ಹಾಕೀರಾ ಯಜಮಾನ್ರೆ?” ಎಂದು ಕೇಳತೊಡಗಿದಳು. ಜಯಣ್ಣ ಸಾಯುವವರೆಗೂ ಕೇಳಿದಳು. ರೀಲಿನ ಕಾಲ ಮುಗಿದ ಮೇಲೂ ಕೇಳಿದಳು.

ಆ ಸ್ಟುಡಿಯೋದಲ್ಲಿ ಅವಳ ಕೆಲಸ ಇಂಥದ್ದೇ ಎಂದು ಇರಲಿಲ್ಲ. ಪರದೆ ಎಳೆಯುವುದು, ಮದುಮಗನ ಕಾಲರು ಸರಿ ಮಾಡುವುದು, ಎತ್ತರ ಕಡಿಮೆಯಿದ್ದವರ ಕಾಲ ಕೆಳಗೆ ಹಲಗೆ ಇಡುವುದು. ಮಕ್ಕಳ ಫೋಟೋ ಎಂದರೆ ಜಯಣ್ಣನ ಪಕ್ಕದಲ್ಲಿ ನಿಂತು ಗಿಲಕಿ ಅಲ್ಲಾಡಿಸುವುದು. ಗಿಲಕಿಗೂ ನಗದ ಮಕ್ಕಳಿಗೆ ಕೋತಿಯಂತೆ ಮುಖ ಮಾಡುವುದು. ಊರಿನ ಅರ್ಧ ಜನ ಅವಳ ಕೋತಿ ಮುಖ ನೋಡಿಯೇ ಮೊದಲ ಸಲ ನಕ್ಕವರು. ದೊಡ್ಡವರಾದ ಮೇಲೆ ಯಾರಿಗೂ ನೆನಪಿಲ್ಲ. ಅದು ನಮ್ಮೂರಿನವರ ಸ್ವಭಾವ.

ತೊಂಬತ್ತಾರರಲ್ಲಿ ಸಿನಿಮಾದವರು ಬಂದರು. ಮಿಲ್ಲಿನಲ್ಲಿ ಹೊಡೆದಾಟ ನಡೆಯುವ ಚಿತ್ರವಂತೆ, ನಿಜವಾದ ಮಿಲ್ಲೇ ಬೇಕಂತೆ. ಹನ್ನೆರಡು ದಿನ ಶೂಟಿಂಗು. ಅಷ್ಟಕ್ಕೇ ಚಳ್ಳಕೆರೆ ತಲೆ ನಿಲ್ಲದೆ ಕುಣಿಯಿತು. ಇನ್ನು ಬೆಂಗಳೂರಿನವರೆಲ್ಲ ಇಲ್ಲಿಗೇ ಬರುತ್ತಾರೆಂದು ಊರಿನ ಹೋಟೆಲಿನವನೊಬ್ಬ ಬೋರ್ಡಿಗೆ ‘ಫಿಲಂ ಸಿಟಿ’ ಎಂದು ಸೇರಿಸಿದ. ಹದಿಮೂರನೇ ದಿನ ಯಾರೂ ಬರಲಿಲ್ಲ. ಬೋರ್ಡು ಮಾತ್ರ ಎಂಟು ವರ್ಷ ಇತ್ತು.

ಚಿತ್ರದಲ್ಲಿ ಶೇಂಗಾ ಹಸನು ಮಾಡುವ ಹೆಂಗಸರು ಬೇಕಿತ್ತು. ದುರುಗಕ್ಕ ಮುಂದೆ ಹೋಗಿ ನಿಂತಳು. ನಿರ್ದೇಶಕ ಅವಳನ್ನು ಮೇಲಿಂದ ಕೆಳಗೆ ನೋಡಿ, “ಇವರು ಮಿಲ್ಲಿನ ಕೂಲಿಯವರ ಥರ ಕಾಣಲ್ಲ,” ಎಂದ.

“ಮತ್ತೆ ಯಾರ ಥರ ಕಾಣ್ತೀನಿ?” ಎಂದು ಕೇಳಿದಳು ದುರುಗಕ್ಕ. “ಏಳು ವರ್ಷ ಇದೇ ಮಿಲ್ಲಾಗೆ ಶೇಂಗಾ ಹಸನು ಮಾಡೀನಿ.”

“ಅದೇ ತೊಂದರೆ ಅಮ್ಮ. ನೀವು ನಿಜವಾಗಿ ಮಾಡ್ತೀರಿ. ಅದು ಕ್ಯಾಮೆರಾಕ್ಕೆ ಬರಲ್ಲ.”

ಬೆಂಗಳೂರಿನಿಂದ ಬಂದ ಹುಡುಗಿಯೊಬ್ಬಳು ಇಸ್ತ್ರಿ ಸೀರೆಯುಟ್ಟು ಕೂಲಿಯಾದಳು. ಮೊರವನ್ನು ತಿರುವುಮುರುವು ಹಿಡಿದಿದ್ದಳು. ದುರುಗಕ್ಕನೇ ಅದನ್ನು ಸರಿಯಾಗಿ ಹಿಡಿಸಿದಳು, ಕೊನೆಗೆ ಹೇಗೋ ಹಿಂದಿನ ಸಾಲಿನಲ್ಲಿ ಜಾಗ ಗಿಟ್ಟಿಸಿದಳು.

ಆ ಚಿತ್ರ ಮೊಳಕಾಲ್ಮೂರಿನ ಟೆಂಟಿಗೆ ಬಂದಾಗ ದುರುಗಕ್ಕ ಬಸ್ಸು ಹತ್ತಿ ಅಲ್ಲಿಗೇ ಹೋದಳು. ಯಾಕೆಂದರೆ ಅವಳ ತಂಗಿ ಸೂರಮ್ಮನನ್ನು ಕೊಟ್ಟಿದ್ದು ಅಲ್ಲಿಗೆ. ಸೂರಮ್ಮ ಮದುವೆಯಾಗಿ ಹೋದ ಮೇಲೆ ರೇಷ್ಮೆ ಮಗ್ಗ ಕಲಿತವಳು. ಅವಳ ಗಂಡ, ಅತ್ತೆ, ಓರಗಿತ್ತಿಯರು ಸೇರಿ ಹನ್ನೊಂದು ಜನ ಒಂದೇ ಸಾಲಿನಲ್ಲಿ ಕೂತರು. ಮಿಲ್ಲು ಬಂತು. ಹೊಡೆದಾಟ ಬಂತು. ಇಸ್ತ್ರಿ ಸೀರೆಯ ಹುಡುಗಿ ಬಂದಳು. ಅವಳ ಹಿಂದೆ, ಬಲಗಡೆಯ ಮೂಲೆಯಲ್ಲಿ, ಒಂದು ಮೊರ ಮತ್ತು ಒಂದು ಮೊಳಕೈ ಕಣ್ಣು ಮಿಟುಕಿಸುವಷ್ಟು ಹೊತ್ತು ಬಂದು ಹೋದವು.

“ಅದು ನಂದೇ!” ಎಂದು ದುರುಗಕ್ಕ ಎದ್ದು ನಿಂತಳು. ಹಿಂದಿನವರು ಕೂರಿಸಿದರು.

ಸೂರಮ್ಮನ ಅತ್ತೆ ಮನೆಗೆ ಬಂದ ಮೇಲೂ ಬಿಡಲಿಲ್ಲ. “ಮೀ ಅಕ್ಕ ಮೊಳಕಾಲ್ಮೂರಿಗೆ ಬಂದು ಮೊಳಕೈ ತೋರಿಸಿ ಹೋದ್ಲು ಕಣಮ್ಮೋ,” ಎಂದು ಸೊಸೆಗೆ ಹೇಳಿ, ಅದನ್ನೇ ಓಣಿಗೆಲ್ಲ ಹೇಳಿಕೊಂಡು ಬಂದಳು. ಗಡಿ ಊರಿನ ನಾಲಿಗೆ, ಒಂದೇ ಮಾತಿನಲ್ಲಿ ತೆಲುಗು, ಕನ್ನಡ ಎರಡರಲ್ಲೂ ಚುಚ್ಚಿ ಬರುತ್ತದೆ.

ಸೂರಮ್ಮ ಅತ್ತೆಗೆ ಎದುರಾಡಲಿಲ್ಲ. ಬೇರೆಯವರ ಸೀರೆಗಳ ನಡುವೆ ಪುರುಸೊತ್ತು ಮಾಡಿಕೊಂಡು ಏಳು ತಿಂಗಳು ಒಂದು ಸೀರೆ ನೇಯ್ದಳು. ಮೈ ತುಂಬ ಕಾವಲಿನ ಹುಲ್ಲಿನ ಹಸಿರು, ಕೆಂಪು ಅಂಚು, ಒಡಲ ತುಂಬ ಜರಿ ಗಿಣಿ. ಅದನ್ನು ಅಕ್ಕನ ಮಡಿಲಿಗೆ ಹಾಕಿ ಹೇಳಿದಳು: “ಅಕ್ಕಾ, ನಾನು ನೇಯ್ದ ಸೀರೆ ಎಷ್ಟೋ ಹೋಗ್ಯಾವೆ. ಅಂಗಡಿಯೋರು ಒಯ್ದ ಮ್ಯಾಲೆ ಒಂದನ್ನೂ ನಾನು ಯಾರ ಮೈಮ್ಯಾಲೂ ನೋಡಿಲ್ಲ. ನೀನು ಒಂದಲ್ಲ ಒಂದು ದಿನ ಪರದೆ ಮ್ಯಾಲೆ ಬರ್ತೀಯಾ. ಬಂದಾಗ ಇದನ್ನೇ ಉಟ್ಕ. ಪೂರಾ ಬರ್ಬೇಕು. ಮೊಳಕೈ ಅಲ್ಲ.”

ಇಪ್ಪತ್ತೇಳು ವರ್ಷ ಆ ಸೀರೆ ಬೇವಿನ ಸೊಪ್ಪಿನ ನಡುವೆ ಪೆಟ್ಟಿಗೆಯಲ್ಲಿ ಮಲಗಿತ್ತು.

ಮೂರನೆಯ ಮಾಯ ಚಿಕ್ಕದು. ಜಯಣ್ಣ ಕೇಬಲ್ಲಿನಲ್ಲಿ ‘ಜಯಚಿತ್ರ ವಾಹಿನಿ’ ಶುರು ಮಾಡಿದ್ದ. ಊರು ಅದನ್ನು ಒಂದು ದಿನವೂ ಆ ಹೆಸರಿನಿಂದ ಕರೆಯಲಿಲ್ಲ, ಮಿಲ್ ಟಿವಿ ಎಂದೇ ಕರೆಯಿತು. ಒಮ್ಮೆ ವಾರ್ತೆ ಓದುವವಳು ಬಾರದೆ ಐದನೇ ಕ್ಲಾಸು ಓದಿದ್ದ ದುರುಗಕ್ಕನನ್ನು ಕೂರಿಸಿ ಒಂದೇ ಒಂದು ಪ್ರಕಟಣೆ ಓದಿಸಿದರು. ಅವಸರದಲ್ಲಿ ಸೀರೆಯೂ ನೆನಪಾಗಲಿಲ್ಲ. “ಎಲ್ಲರಿಗೂ ನಮಸ್ಕಾರ. ಇವತ್ತು ಊರಿನಾಗೆ ಕರೆಂಟು ತೆಗೀತಾರೆ,” ಎಂದು ಅವಳು ಓದಬೇಕಿತ್ತು. ‘ನಮಸ್ಕಾರ’ ಎಂಬಷ್ಟರಲ್ಲಿ ತೆಗೆದರು. ಅವಳು ಕತ್ತಲಲ್ಲೇ ಪೂರ್ತಿ ಓದಿ ಮುಗಿಸಿ ಎದ್ದಳು.

ಅಲ್ಲಿಂದ ಮುಂದೆ ಅವಳನ್ನು ಯಾರೂ ಕ್ಯಾಮೆರಾದ ಮುಂದೆ ಕರೆಯಲಿಲ್ಲ. ಜಯಣ್ಣ ತೀರಿಕೊಂಡ. ಮಗ ರವಿಕಿರಣ್ ದಾವಣಗೆರೆಯಲ್ಲಿ ಮೂರು ತಿಂಗಳ ಕೋರ್ಸು ಮಾಡಿ ಬಂದು, ಫೋನಿನಲ್ಲೂ ಚಾನೆಲ್ ಬರುವಂತೆ ಮಾಡಿ, ಮಿಲ್ಲಿನ ಗೋಡೆ ಕಂಡರೆ ಮಾನ ಹೋಗುತ್ತದೆಂದು ಅದಕ್ಕೆ ಹಸಿರು ಪರದೆ ಮುಚ್ಚಿದ. ಆಮೇಲೆ ಪ್ರೇಮಲತಾ ಒಂದು ದಿನ ವಿಧಾನಸೌಧದ ಮುಂದೆ, ಇನ್ನೊಂದು ದಿನ ಸಮುದ್ರದ ಮುಂದೆ ಕೂತು ಚಳ್ಳಕೆರೆಯ ಶೇಂಗಾ ಧಾರಣೆ ಓದತೊಡಗಿದಳು. ಸಮುದ್ರ ನೋಡಿ ನಮ್ಮೂರಿನವರಿಗೂ ತಂಪಾಗಿ ಹಿತವಾಗಿಯೇ ಇತ್ತು.

ಇಷ್ಟೆಲ್ಲ ಆದಮೇಲೆ ಈ ಗುರುವಾರ. ಅವಳಿಗೆ ಐವತ್ತನಾಲ್ಕು. ಸೂರಮ್ಮನಿಗೆ ಕಣ್ಣು ಮಂಜಾಗಿ ಮಗ್ಗದಿಂದ ಎದ್ದು ನಾಲ್ಕು ವರ್ಷ. ಇನ್ನೊಂದು ಕಾರ್ಯಕ್ರಮಕ್ಕೆ ಇನ್ನು ಮೂವತ್ತೈದು ವರ್ಷ ಕಾಯುವುದು ಇಬ್ಬರಿಂದಲೂ ಆಗದ ಮಾತು.

“ಉಡಲ್ಲ ಅಂದ್ರೆ ಹೆಂಗಕ್ಕ?” ರವಿಕಿರಣ್ ತಲೆ ಕೆರೆದುಕೊಂಡ. “ಪ್ರೇಮಲತಾ ಹತ್ರ ಚೆನ್ನಾಗಿರೋ ಗುಲಾಬಿ ಸೀರೆ ಐತೆ. ಒಂದು ಗಂಟೆ ಉಟ್ಕ.”

“ಕೊಡ್ತೀನಕ್ಕ, ಇಸ್ತ್ರಿ ಮಾಡೇ ಕೊಡ್ತೀನಿ,” ಎಂದಳು ಪ್ರೇಮಲತಾ. ಪಾಪ, ಅವಳಿಗೆ ಕೆಟ್ಟ ಮನಸ್ಸಿರಲಿಲ್ಲ. “ನಾನೇ ಹಸಿರು ಉಟ್ಟು ಎರಡು ವರ್ಷ ಆತು.”

“ನಿನ್ನ ಸೀರೆ ಚೆನ್ನಾಗೈತೆ ತಾಯಿ. ಆದ್ರೆ ನನ್ನ ತಂಗಿ ಗುಲಾಬಿ ನೇಯ್ದಿಲ್ಲ, ಹಸಿರು ನೇಯ್ದಾಳೆ. ಏ ರವಿ, ಸೀರೆ ಬ್ಯಾಡ ಅಂತೀಯಲ್ಲ, ಪರದೆ ತೆಗಿ. ಹಿಂದೆ ಗೋಡೆ ಐತೆ.”

“ಆ ಗೋಡೆನಾ? ಎಣ್ಣೆ ಕಲೆ, ಬಿರುಕು. ಅದರ ಮ್ಯಾಲೆ ದೊಡ್ಡಕ್ಷರದಾಗೆ ‘ಇಲ್ಲಿ ಬೀಡಿ ಸೇದಬಾರದು’ ಅಂತ ಬರ್ದೈತೆ. ಮೂವತ್ತೈದನೇ ವರ್ಷಕ್ಕೆ ಜನ ಅದನ್ನ ನೋಡ್ಬೇಕಾ?”

“ಅದಕ್ಕೇನಾಗೈತೆ? ನಾವೇನು ಸೇದ್ತೀವಾ?”

ರವಿಕಿರಣ್‌ಗೆ ಸಿಟ್ಟು ಬಂತು. “ನೋಡು, ಒಂದು ಕೆಲಸ ಮಾಡಾಣ. ನೀನು ಕೂರೋದೇ ಬ್ಯಾಡ. ನಿನ್ನ ಮಾತು ಪ್ರೇಮಲತಾ ಹೇಳ್ತಾಳೆ. ‘ದುರುಗಮ್ಮನವರು ಹೀಗೆ ಹೇಳುತ್ತಾರೆ’ ಅಂತ. ನಿಂಗೂ ತೊಂದ್ರೆ ಇಲ್ಲ, ನಂಗೂ ಇಲ್ಲ.”

ಓಬಳೇಶ್ ಕ್ಯಾಮೆರಾದ ಹಿಂದೆ ತಲೆ ತಗ್ಗಿಸಿದ. ದುರುಗಕ್ಕ ಎದ್ದು ಸೆರಗು ಕೊಡವಿದಳು. ಟಿವಿಯಲ್ಲಿ ಗಿಣಿಗಳೆಲ್ಲ ಒಮ್ಮೆಗೇ ಹಾರಿದಂತಾಯಿತು.

“ನಿನ್ನ ಕರ್ಮ ನೀನು ನೋಡ್ಕಳಪ್ಪ,” ಎಂದು ಹೇಳಿ ಹೊರಗೆ ಹೋದಳು.

ಅವಳು ಸೋತಳೆಂದು ರವಿಕಿರಣ್ ತಿಳಿದ. ಅವನಿಗಿನ್ನೂ ಮೂವತ್ತಮೂರು, ಅವಳ ಜೊತೆ ಅವನಪ್ಪನಿಗಿದ್ದಷ್ಟು ಅನುಭವ ಅವನಿಗಿರಲಿಲ್ಲ.

ಮಾರನೆಯ ದಿನ ಹತ್ತೂವರೆಗೆ ರವಿಕಿರಣ್ ಹೊಸ ಕೋಟು ಹಾಕಿಕೊಂಡು ಬಂದ. ಸ್ಟುಡಿಯೋದ ಬಾಗಿಲು ಎಂದಿನಂತೆ ತೆರೆದಿತ್ತು, ನೆಲ ಎಂದಿನಂತೆ ಗುಡಿಸಿತ್ತು, ದೀಪಗಳ ಧೂಳು ಒರೆಸಿತ್ತು. ಪರದೆ ಇರಲಿಲ್ಲ. ಪರದೆ ಇದ್ದ ಕಡೆ ಮಿಲ್ಲಿನ ಗೋಡೆ ಇತ್ತು. ಹಳದಿಗೆ ತಿರುಗಿದ ಸುಣ್ಣ, ಮನುಷ್ಯರ ಎತ್ತರದವರೆಗೆ ಎಣ್ಣೆಯ ಕಪ್ಪು, ಮೇಲೆ ಒಂದೊಂದು ಅಕ್ಷರ ಒಂದು ಗೇಣಿನಷ್ಟು ದಪ್ಪಕ್ಕೆ ನೀಲಿ ಬಣ್ಣದಲ್ಲಿ: ‘ಇಲ್ಲಿ ಬೀಡಿ ಸೇದಬಾರದು’.

“ಪರದೆ ಎಲ್ಲಿ?” ಎಂದು ಅವನು ಕೂಗಿದ್ದು ಬೀದಿಗೂ ಕೇಳಿಸಿತು.

ದುರುಗಕ್ಕ ಹಿತ್ತಲಿನಿಂದ ಬಂದಳು. ಹಸಿರು ಸೀರೆ, ಕೆಂಪು ರವಿಕೆ, ತಲೆಗೆ ಒಂದು ಗೇಣು ಕನಕಾಂಬರ. “ಒಗೆದು ಹಾಕೀನಿ.”

“ಇವತ್ತಾ?”

“ತಿಂಗಳಿಗೊಂದು ಸಲ ಒಗೀಬೇಕು ಅಂತ ನೀನೇ ಹೇಳಿದ್ಯಲ್ಲಪ್ಪ. ತಿಂಗಳು ಇವತ್ತಿಗೆ ತುಂಬ್ತು. ಬೇಕಾದ್ರೆ ಕ್ಯಾಲೆಂಡರ್ ನೋಡು.”

ರವಿಕಿರಣ್ ಹಿತ್ತಲಿಗೆ ಓಡಿದ. ಶೇಂಗಾ ಒಣಗಿಸುತ್ತಿದ್ದ ಕಣದಲ್ಲಿ ಹಗ್ಗದ ಮೇಲೆ ಪರದೆ ತೊಟ್ಟಿಕ್ಕುತ್ತಿತ್ತು. ಅದನ್ನು ಹಿಂಡಿ ಹಾಕಿಯೂ ಇರಲಿಲ್ಲ. ಮುಟ್ಟಿದರೆ ಕೋಟಿನ ತೋಳೆಲ್ಲ ಒದ್ದೆ. ಗಡಿಯಾರ ನೋಡಿದ, ಇಪ್ಪತ್ತು ನಿಮಿಷ. ಫೋನಿನಲ್ಲಿ ಆಗಲೇ ಜನ ಕಾಯುತ್ತಿದ್ದರು. ಅವನ ಮಾವ ತುಮಕೂರಿನಿಂದ, ಓದಿದ ಗೆಳೆಯರು ಎಲ್ಲೆಲ್ಲಿಂದಲೋ.

“ಇದನ್ನ ಹಂಗೇ ಕಟ್ಟು ಓಬಳೇಶ!”

“ಅಣ್ಣ, ನೀರು ಇಳೀತೈತೆ. ಕೆಳಗೆ ದೀಪದ ವೈರು ಅದಾವೆ,” ಎಂದ ಓಬಳೇಶ್. ನಂತರ ಕ್ಯಾಮೆರಾದಲ್ಲಿ ಕಣ್ಣಿಟ್ಟು ಹೇಳಿದ: “ಒಂದ್ಸಲ ಬಂದು ನೋಡಣ್ಣ. ಆ ಹಳೇ ಗೋಡೆ ಮುಂದೆ ಹಸಿರು ಹೆಂಗೆ ಎದ್ದು ಬರ್ತೈತೆ ಅಂತ. ಗೋಡೆ ಚೆನ್ನಾಗೈತೆ.”

“ನೀನೂ ಅವಳ ಕಡೆನೇನಲೇ?”

“ನಾನು ಕ್ಯಾಮೆರಾ ಕಡೆ.”

ದುರುಗಕ್ಕ ಅಷ್ಟರಲ್ಲಿ ಕುರ್ಚಿ ಎಳೆದುಕೊಂಡು ‘ಬೀಡಿ’ ಎಂಬುದರ ಸರಿಯಾಗಿ ಕೆಳಗೆ ಕೂತಾಗಿತ್ತು. ಎಬ್ಬಿಸಬೇಕಾದರೆ ಕುರ್ಚಿ ಸಮೇತ ಹೊರಬೇಕಿತ್ತು, ಹೊರುವಷ್ಟು ಜನ ಆ ಸ್ಟುಡಿಯೋದಲ್ಲಿರಲಿಲ್ಲ. ಎದುರಿನ ಕುರ್ಚಿಯಲ್ಲಿ ರವಿಕಿರಣ್ ಒದ್ದೆ ತೋಳು ಮರೆಮಾಡಿಕೊಂಡು ಕೂತ. ಪಕ್ಕದ ಮೇಜಿನ ಮೇಲೆ ಸ್ಟುಡಿಯೋದ ಹಳೆಯ ಫೋಟೋಗಳಿದ್ದವು, ನಡುವೆ ಹಾರ ಹಾಕಿದ ಜಯಣ್ಣ.

ಓಬಳೇಶ್ ಬೆರಳು ಎತ್ತಿದ. ದುರುಗಕ್ಕ ಗಟ್ಟಿಯಾಗಿ ಕೇಳಿದಳು:

“ರೀಲು ಹಾಕೀಯೇನೋ?”

“ಹಾಕೀನಕ್ಕ,” ಎಂದ ಓಬಳೇಶ್. ಚಳ್ಳಕೆರೆ ಮೊದಲು ಕೇಳಿದ್ದು ಈ ಮಾತನ್ನೇ.

ರವಿಕಿರಣ್ ಪುಸ್ತಕದ ಕನ್ನಡದಲ್ಲಿ ಶುರು ಮಾಡಿದ. “ನಮ್ಮ ತಂದೆಯವರಾದ ಜಯಣ್ಣನವರು ಒಂದು ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ ತಮ್ಮ ಮೊದಲ ಛಾಯಾಚಿತ್ರವನ್ನು ಯಶಸ್ವಿಯಾಗಿ...”

“ಅದಲ್ಲಪ್ಪ,” ಎಂದಳು ದುರುಗಕ್ಕ. “ಮೊದಲ್ನೇ ಫೋಟೋ ನಂದು. ನಿಮ್ಮಪ್ಪ ರೀಲೇ ಹಾಕಿರ್ಲಿಲ್ಲ.”

ಅಷ್ಟು ಹೊತ್ತಿಗೆ ದೀಪಗಳು ಒಮ್ಮೆ ಮಿಣುಕಿ ಆರಿದವು. ಕರೆಂಟು ಹೋಯಿತು. ಪ್ರೇಮಲತಾ “ಅಯ್ಯೋ!” ಎಂದಳು. ರವಿಕಿರಣ್‌ನ ಮುಖದಲ್ಲಿ ಕೊಂಚ ನಿರಾಳವೂ ಕಂಡಿತು. ದುರುಗಕ್ಕ ಅಲುಗಲಿಲ್ಲ. ಎರಡೇ ಗಳಿಗೆ, ಹಿತ್ತಲಿನಲ್ಲಿ ಜನರೇಟರ್ ಗುಡುಗಿ ದೀಪ ಬಂತು. ಬೆಳಿಗ್ಗೆ ಏಳಕ್ಕೇ ಅದಕ್ಕೆ ಡೀಸೆಲ್ ತುಂಬಿಸಿ ಇಟ್ಟವಳು ಅವಳು. ಬ್ಯಾಟರಿಯ ಮೇಲೆ ಓಡುತ್ತಿದ್ದ ಕ್ಯಾಮೆರಾ ನಿಂತಿರಲಿಲ್ಲ.

“ಹೋದ್ಸಲ ಹಿಂಗೇ ಆಗಿತ್ತು,” ಎಂದು ಅವಳು ನೇರ ಕ್ಯಾಮೆರಾ ನೋಡಿ ಹೇಳಿದಳು. “ಈ ಸಲ ನಾನು ಮಾಯ ಆಗಲ್ಲ. ನೀವು ಎದ್ದು ಹೋಗ್ಬ್ಯಾಡ್ರಿ.”

ಆಮೇಲೆ ಅವಳನ್ನು ತಡೆಯುವವರಿರಲಿಲ್ಲ. ಮಿಲ್ಲಿನ ಮಾತು ಬಂತು, ಊಟಿಯ ಸರೋವರದ ಮಾತು ಬಂತು, ಮೊರ ತಿರುವುಮುರುವು ಹಿಡಿದ ಹುಡುಗಿ ಬಂದಳು, ಮೊಳಕೈ ಬಂತು. ರವಿಕಿರಣ್ ಬರೆದುಕೊಂಡು ಬಂದಿದ್ದ ಹದಿನಾಲ್ಕು ಪ್ರಶ್ನೆಗಳು ಕೈಯಲ್ಲೇ ಬೆವರಿದವು. ಕೊನೆಗೆ ಅವನು ಸಂದು ಸಿಕ್ಕಾಗ ಒಂದು ಪ್ರಶ್ನೆ ತೂರಿಸಿದ: “ದುರುಗಮ್ಮನವರೇ, ಮೂವತ್ತೈದು ವರ್ಷ ಈ ಸ್ಟುಡಿಯೋದಲ್ಲಿದ್ದೀರಿ. ಆದರೆ ನಮ್ಮ ಸಂಗ್ರಹದಲ್ಲಿ ಹುಡುಕಿದರೆ ನಿಮ್ಮದು ಒಂದೂ ಫೋಟೋ ಸಿಗಲಿಲ್ಲ. ಯಾಕೆ?”

“ಸಿಗಲಿಲ್ವಾ? ಸರಿಯಾಗಿ ಹುಡುಕಿಲ್ಲ ನೀನು.”

ಅವಳು ಮೇಜಿನ ಮೇಲಿನ ಫೋಟೋಗಳಲ್ಲಿ ಒಂದನ್ನು ಎತ್ತಿ ಕ್ಯಾಮೆರಾಕ್ಕೆ ಹಿಡಿದಳು. ಉಲ್ಲನ್ ಟೋಪಿ ಹಾಕಿಕೊಂಡು, ಹಲ್ಲಿಲ್ಲದ ಬಾಯಿ ಬಿಟ್ಟು ನಗುವ ಒಂದು ಕೂಸು. ಹಿಂದೆ ಊಟಿ.

“ಇದು ಯಾರು ಹೇಳು.”

“ನಾನು,” ಎಂದ ರವಿಕಿರಣ್. ಧ್ವನಿ ಸಣ್ಣಗಾಗಿತ್ತು.

“ನೀನೇ. ಕಣ್ಣು ನೋಡು. ಎತ್ತ ನೋಡ್ತೈತೆ ಕೂಸು? ಕ್ಯಾಮೆರಾ ನೋಡ್ತೈತಾ? ಇಲ್ಲ. ಪಕ್ಕಕ್ಕೆ ನೋಡ್ತೈತೆ. ಮನೇಲಿ ಕುಂತು ನೋಡ್ತಾ ಇರೋರೇ, ನಿಮ್ಮ ನಿಮ್ಮ ಗೋಡೆ ಮ್ಯಾಲಿನ ಫೋಟೋನೂ ನೋಡ್ರಿ. ಎಲ್ಲಾ ಕೂಸುನೂ ಪಕ್ಕಕ್ಕೇ ನೋಡ್ತಾವೆ. ಎಲ್ಲಾವೂ ನಗ್ತಾವೆ. ಅಲ್ಲಿ ಯಾರಿದ್ರು ಅಂತ ಯಾರಾದ್ರೂ ಕೇಳೀರಾ?”

ಸೊಂಟದ ಗಂಟಿನಿಂದ ಒಂದು ಹಳೆಯ ತಗಡಿನ ಗಿಲಕಿ ತೆಗೆದು ಗಲಗಲ ಆಡಿಸಿದಳು.

“ನಾನಿದ್ದೆ.”

ರವಿಕಿರಣ್ ತಲೆಯೆತ್ತಿ ಗಿಲಕಿಯ ಕಡೆ ನೋಡಿದ. ನೋಡಬಾರದೆಂದುಕೊಂಡರೂ ಕತ್ತು ತಾನಾಗಿ ತಿರುಗಿತು. ಓಬಳೇಶ್ ಅದನ್ನು ಬಿಡದೆ ಹಿಡಿದ. ಕೋಟು ಹಾಕಿದ ಮೂವತ್ತಮೂರರ ಗಂಡಸು, ಕ್ಯಾಮೆರಾ ಬಿಟ್ಟು ಪಕ್ಕಕ್ಕೆ ನೋಡುತ್ತ, ಬಾಯಿ ಅರ್ಧ ತೆರೆದು. ಫೋಟೋದಲ್ಲಿದ್ದ ಹಾಗೆಯೇ.

ದುರುಗಕ್ಕ ಎದ್ದು ನಿಂತಳು. ಅದು ಯಾವ ಪಟ್ಟಿಯಲ್ಲೂ ಇರಲಿಲ್ಲ. ಸೆರಗು ಅಗಲವಾಗಿ ಹರಡಿ, ಮದುವೆ ಹೆಣ್ಣಿನಂತೆ ನಿಧಾನವಾಗಿ ಒಂದು ಸುತ್ತು ತಿರುಗಿದಳು. ಹಿಂದು, ಮುಂದು, ಅಂಚು, ಗಿಣಿ, ಎಲ್ಲ. “ಇದು ಮೊಳಕಾಲ್ಮೂರು ಸೀರೆ. ನೇಯ್ದೋಳು ನನ್ನ ತಂಗಿ ಸೂರಮ್ಮ. ಇಪ್ಪತ್ತೇಳು ವರ್ಷದ ಕೆಳಗೆ ನೇಯ್ದಾಳೆ. ಅಂಗಡಿ ಹೆಸರಲ್ಲ, ಸೂರಮ್ಮ ಅಂತ. ಎಲ್ಲಾರೂ ಪೂರಾ ನೋಡ್ಕಳ್ರಿ.” ಹೇಳಿ ಕೂತಳು. “ಹೂಂ, ಈಗ ನಿನ್ನ ಪ್ರಶ್ನೆ ಕೇಳಪ್ಪ.”

ಅವನು ಪ್ರಶ್ನೆಯ ಹಾಳೆ ಮಡಚಿ ಜೇಬಿಗಿಟ್ಟು, ನೋಡುವವರಿಗೆ ಕೈ ಮುಗಿದ.

ಕಾರ್ಯಕ್ರಮ ಮುಗಿದ ಎರಡನೇ ನಿಮಿಷಕ್ಕೆ ಮೊಳಕಾಲ್ಮೂರಿನಿಂದ ಫೋನು. ಸೂರಮ್ಮ ಮೊಮ್ಮಗಳ ಫೋನನ್ನು ಮೂಗಿಗೆ ತಾಗಿಸಿಕೊಂಡು ನೋಡಿದ್ದಳಂತೆ.

“ಕಂಡ್ತೇನೇ?” ಎಂದಳು ದುರುಗಕ್ಕ.

“ಮುಖ ಮಸುಕಾಗಿತ್ತಕ್ಕ. ಸೀರೆ ಕಂಡ್ತು. ಎಡಗಡೆ ಅಂಚಿನ ಹತ್ರ ಒಂದು ಗಿಣಿಗೆ ಕೊಕ್ಕು ತಪ್ಪಿ ನೇಯ್ದಿದ್ದೆ, ಅದೂ ಕಂಡ್ತು. ಅತ್ತೆ ಇರಬೇಕಿತ್ತು.”

“ಇರಬೇಕಿತ್ತು ಮುದುಕಿ,” ಎಂದಳು ದುರುಗಕ್ಕ. ಅತ್ತೆ ಸತ್ತು ಹತ್ತು ವರ್ಷವಾಗಿತ್ತು. ಬದುಕಿದ್ದರೆ ಇವತ್ತು ಅಕ್ಕತಂಗಿಯರು ಬಸ್ಸು ಮಾಡಿಕೊಂಡು ಹೋಗಿ ಅವಳ ಓಣಿಯಲ್ಲೇ ನಗುತ್ತಿದ್ದರು.

ಮರುದಿನ ಬೆಳಿಗ್ಗೆ ಸ್ಟುಡಿಯೋದ ಮುಂದೆ ನಾಲ್ಕೈದು ಜನ ನಿಂತಿದ್ದರು. ಒಬ್ಬ ಲಾರಿ ಡ್ರೈವರ್, ಒಬ್ಬ ಮೇಷ್ಟರು, ಮಗಳನ್ನು ಎತ್ತಿಕೊಂಡ ಒಬ್ಬ ಹೆಂಗಸು. ಎಲ್ಲರ ಕೈಯಲ್ಲೂ ಗೋಡೆಯಿಂದ ಇಳಿಸಿದ ಒಂದೊಂದು ಫೋಟೋ. ಇದರಲ್ಲೂ ನೀವೇ ಇದ್ದಿರಾ ಎಂದು ದುರುಗಕ್ಕನನ್ನು ಕೇಳಲು ಬಂದಿದ್ದರು. ಅವಳು ಪೊರಕೆ ಬಿಡದೆಯೇ ಒಂದೊಂದನ್ನೂ ನೋಡಿ, “ಹೂಂ, ನಾನೇ. ನೀನು ಬಾಳ ಅಳ್ತಿದ್ದೆ, ಕೋತಿ ಮುಖ ಮಾಡ್ಬೇಕಾತು,” ಎಂದು ಹೇಳಿ ಕಳಿಸಿದಳು.

ರವಿಕಿರಣ್ ಬಂದವನು ಗೋಡೆ ನೋಡಿದ. “ದುರುಗಕ್ಕ, ಪರದೆ ಒಣಗೈತಾ?”

“ಇನ್ನೂ ಹಸಿ ಐತಪ್ಪ.”

ಚಳ್ಳಕೆರೆಯಲ್ಲಿ ಏಪ್ರಿಲ್ ತಿಂಗಳು. ಕಂಬಳಿ ಒಗೆದರೆ ಹಿಂಡುವಷ್ಟರಲ್ಲಿ ಒಣಗಿರುತ್ತದೆ. ರವಿಕಿರಣ್ ಆಕಾಶ ನೋಡಿದ, ಒಂದು ಮೋಡವೂ ಇರಲಿಲ್ಲ. ತಿರುಗಿ ಒಳಗೆ ಹೋದ. ಪ್ರೇಮಲತಾ ಅವತ್ತು ಬೀಡಿಯ ಕೆಳಗೆ ಕೂತು ಶೇಂಗಾ ಧಾರಣೆ ಓದಿದಳು. ಎರಡು ವರ್ಷದ ಮೇಲೆ ಹಸಿರು ಉಟ್ಟುಕೊಂಡು ಬಂದಿದ್ದಳು.

ಇದಾಗಿ ಆರು ತಿಂಗಳಾಯಿತು. ರವಿಕಿರಣ್ ವಾರಕ್ಕೊಮ್ಮೆ ಕೇಳುತ್ತಾನೆ. ಪರದೆ ಇನ್ನೂ ಹಸಿ ಐತೆ.